ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868): ಆಟಗಳ ನಿಯಮಗಳನ್ನು ಬರವಣಿಗೆಗೆ ತಂದ ಅರಸರು

ಹೊಸಪೇಟೆ, ಕಂಪ್ಲಿ ಹಾಗೂ ಸಂಡೂರು ಮಾರ್ಗವಾಗಿ ಹಂಪಿಗೆ ಆಗಮಿಸುವ ಪ್ರವಾಸಿಗರು ಅಲ್ಲಿನ ಮಂಟಪಗಳ ನೆಲಗಲ್ಲುಗಳ ಮೇಲೆ ಮತ್ತು ಬಂಡೆಗಳ ಮೇಲೆ ಕೊರೆದಿರುವ ಗೆರೆ ಹಾಗೂ ಗುಳಿಗಳನ್ನು ಕಾಣಬಹುದಾಗಿದೆ. ಇವು ಹುಲಿ-ಕುರಿ, ನವಕಂಕರಿ, ಅಳಗುಳಿಮನೆ ಮುಂತಾದ ಆಟಗಳ ಮನೆಗಳಾಗಿವೆ. ಮನೆಗಳು ಕಲ್ಲಿನಲ್ಲಿ ಉಳಿದಿದ್ದರೂ ಆಡುವ ಕ್ರಮವನ್ನು ಅವುಗಳ ಪಕ್ಕದಲ್ಲಿ ಬರೆದಿರುವುದಿಲ್ಲ. ನಿಯಮಗಳು ಬಾಯಿಯಿಂದ ಬಾಯಿಗೆ ಬಂದಿರುವುದರಿಂದ ಊರಿನಿಂದ ಊರಿಗೆ ವ್ಯತ್ಯಾಸವಾಗಿವೆ. ಹುಲಿ-ಕುರಿ ಆಟದ ಒಂದು ಪ್ರಚಲಿತ ಕ್ರಮದಲ್ಲಿ 3 ಹುಲಿ ಮತ್ತು 15 ಕುರಿಗಳಿರುತ್ತವೆ. ಕುರಿಗಳು ಕಡಿಮೆಯಾದಲ್ಲಿ ಹುಲಿಯ ಪಕ್ಷಕ್ಕೆ, ಹೆಚ್ಚಾದಲ್ಲಿ ಕುರಿಯ ಪಕ್ಷಕ್ಕೆ ಗೆಲುವು ಸುಲಭವಾಗುವುದರಿಂದ, ಈ ಸಂಖ್ಯೆಯೇ ಆಟದ ಸಮತೋಲನವಾಗಿರುತ್ತದೆ.

ವಿಜಯನಗರದ ಸಾಮಂತರಾಗಿದ್ದ ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದು, ಹಂಪಿಯ ಮಹಾನವಮಿ ಉತ್ಸವದ ಪರಂಪರೆಯನ್ನು ಅಲ್ಲಿ ಮುಂದುವರಿಸಿದರು. ಇದೇ ವಂಶದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ಶಾಸ್ತ್ರದಂತೆ ಪರಿಗಣಿಸಿ, ಅವುಗಳ ಕ್ರಮವನ್ನು ಬರವಣಿಗೆಗೆ ತಂದರು. ಇವರ ಜೀವನದ ಸಂಕ್ಷಿಪ್ತ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಪಟ್ಟಾಭಿಷೇಕ

ಇವರು ಖಾಸಾ ಚಾಮರಾಜ ಒಡೆಯರ್ ಹಾಗೂ ಕೆಂಪನಂಜಮ್ಮಣ್ಣಿಯವರ ಪುತ್ರರಾಗಿ 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಮರಣ ಹೊಂದಿದ ತರುವಾಯ, ಅದೇ ವರ್ಷದ ಜೂನ್ 30ರಂದು ಸುಮಾರು ಐದು ವರ್ಷದ ಬಾಲಕರಾಗಿದ್ದ ಇವರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕ ನೆರವೇರಿತು. ರಾಣಿ ಲಕ್ಷ್ಮಮ್ಮಣ್ಣಿಯವರ ಪೋಷಣೆಯಲ್ಲಿ ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು. 1811ರ ವೇಳೆಗೆ ಅಧಿಕಾರವು ಒಡೆಯರ ಕೈಗೆ ಬಂದಿತು.

ಅಧಿಕಾರದ ನಷ್ಟ

1830–31ರಲ್ಲಿ ನಗರ ಪ್ರಾಂತ್ಯದಲ್ಲಿ ರೈತರ ದಂಗೆ ಉಂಟಾಯಿತು. ದುರಾಡಳಿತದ ಕಾರಣ ನೀಡಿ ಈಸ್ಟ್ ಇಂಡಿಯಾ ಕಂಪನಿಯು 1831ರಲ್ಲಿ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಪಟ್ಟ, ಬಿರುದು ಮತ್ತು ಅರಮನೆ ಮಹಾರಾಜರಿಗೆ ಉಳಿದವು. ಕಂದಾಯ, ನ್ಯಾಯ ಮತ್ತು ಸೇನೆ ಕಮಿಷನರರ ಅಧೀನವಾದವು. ಆಗ ಇವರಿಗೆ 37 ವರ್ಷ. ಮುಂದಿನ 37 ವರ್ಷಗಳ ಕಾಲ ಇವರು ರಾಜ್ಯವನ್ನು ಹಿಂದಿರುಗಿಸುವಂತೆ ಮನವಿ ಸಲ್ಲಿಸುತ್ತಲೇ ಬಂದರು. ಇದೇ ಅವಧಿಯಲ್ಲಿ ಇವರ ಆಸ್ಥಾನವು ವಿದ್ವಾಂಸರು, ಚಿತ್ರಕಾರರು ಹಾಗೂ ಸಂಗೀತಗಾರರ ಆಶ್ರಯಸ್ಥಾನವಾಯಿತು. 1833ರಲ್ಲಿ ಮೈಸೂರಿನಲ್ಲಿ ಇವರು ಸ್ಥಾಪಿಸಿದ ಉಚಿತ ಇಂಗ್ಲಿಷ್ ಶಾಲೆಯು ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು.

ಆಟಗಳು ಮತ್ತು ಅವುಗಳ ನಿಯಮ

ಇವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥವು ಒಂಬತ್ತು ನಿಧಿಗಳನ್ನು ಒಳಗೊಂಡಿದ್ದು, ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿಷಯ ನಿರೂಪಿತವಾಗಿದೆ.

ಗಂಜೀಫಾ ಎಲೆಯಾಟ: ದಶಾವತಾರ ಗಂಜೀಫಾದಲ್ಲಿ 10 ಪಂಗಡಗಳಿದ್ದು, ಪ್ರತಿ ಪಂಗಡದಲ್ಲಿ 1ರಿಂದ 10ರವರೆಗಿನ ಅಂಕೆ ಎಲೆಗಳು, ರಾಜ ಮತ್ತು ಮಂತ್ರಿ ಸೇರಿ 12ರಂತೆ ಒಟ್ಟು 120 ಎಲೆಗಳಿರುತ್ತವೆ. ಅರ್ಧದಷ್ಟು ಪಂಗಡಗಳಲ್ಲಿ ರಾಜ, ಮಂತ್ರಿಗಳ ನಂತರ 10 ದೊಡ್ಡದು. ಉಳಿದ ಅರ್ಧದಲ್ಲಿ 1 ದೊಡ್ಡದು. ಇದರಿಂದಾಗಿ ದೊಡ್ಡ ಅಂಕೆಗಳೇ ಕೈಗೆ ಬಂದವನಿಗೆ ಗೆಲುವು ನಿಶ್ಚಿತವಾಗುವುದಿಲ್ಲ. ಒಡೆಯರು ಈ ತಳಹದಿಯ ಮೇಲೆ ಛದ್ ಎಂಬ ಹೊಸ ಆಟಗಳ ಸರಣಿಯನ್ನು ರೂಪಿಸಿದರು. ಇವುಗಳ ಒಂದು ಪಂಗಡದಲ್ಲಿ ಸಾಮಾನ್ಯವಾಗಿ 12 ಅಂಕೆ ಎಲೆಗಳು ಮತ್ತು 6 ಆಸ್ಥಾನದ ಎಲೆಗಳಿರುತ್ತಿದ್ದವು. ಪಂಗಡಗಳು 18ರವರೆಗೆ, ಒಟ್ಟು ಎಲೆಗಳು 360ರವರೆಗೆ ಏರಿದವು. ಸದಾ ತುರುಫಾಗಿರುವ ಎಲೆಗಳೂ, ಬೇರೆ ಎಲೆಗೆ ಬದಲಾಗಿ ಬಳಸಬಹುದಾದ ಎಲೆಗಳೂ ಕೆಲವು ಆಟಗಳಲ್ಲಿದ್ದವು.

ಚದುರಂಗ: 64 ಮನೆಗಳ ಹಾಸಿನಲ್ಲಿ ಕುದುರೆಯನ್ನು ಪ್ರತಿ ಮನೆಗೆ ಒಂದೇ ಬಾರಿಯಂತೆ ನಡೆಸುವುದು ಹಳೆಯ ಸಮಸ್ಯೆ. ನಡೆದ ಮನೆಗಳಿಗೆ 1ರಿಂದ 64ರವರೆಗೆ ಅಂಕೆ ಕೊಟ್ಟಾಗ ಪ್ರತಿ ಅಡ್ಡಸಾಲು ಹಾಗೂ ಉದ್ದಸಾಲಿನ ಮೊತ್ತ 260 ಆಗುವಂತಹ ನಡೆಗಳು ಇವರ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಎರಡು ಕರ್ಣಗಳ ಮೊತ್ತವೂ 260 ಆಗುವ ನಡೆ ಸಾಧ್ಯವಿಲ್ಲವೆಂಬುದು 2003ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ಸಿದ್ಧವಾಯಿತು.

ಪಗಡೆ: ನಾಲ್ಕು ತೋಳುಗಳ ವಾಡಿಕೆಯ ಹಾಸಿಗೆ ಬದಲಾಗಿ, ಹೆಚ್ಚು ಮಂದಿ ಒಟ್ಟಿಗೆ ಆಡಬಹುದಾದ ಹಾಸುಗಳು ಇವರ ಆಸ್ಥಾನದಲ್ಲಿ ಸಿದ್ಧವಾದವು. 1861ರಲ್ಲಿ ನಿರ್ಮಾಣವಾದ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಚಿತ್ರಿಸಲಾಗಿದೆ.

ಅಂತಿಮ ದಿನಗಳು

1865ರಲ್ಲಿ ಇವರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಬ್ರಿಟಿಷ್ ಸರ್ಕಾರವು ದತ್ತುಪುತ್ರರಿಗೆ ರಾಜ್ಯವನ್ನು ಒಪ್ಪಿಸಲು ಸಮ್ಮತಿಸಿತು. 1868ರ ಮಾರ್ಚ್ 27ರಂದು ಒಡೆಯರು ನಿಧನರಾದರು. ಇವರು ಕೋರಿದ್ದ ರಾಜ್ಯವು 1881ರಲ್ಲಿ ಇವರ ದತ್ತುಪುತ್ರರ ಕೈಸೇರಿತು.

ಸಾರ್ವಜನಿಕರ ಗಮನಕ್ಕೆ

ಒಡೆಯರ ಛದ್ ಆಟಗಳು ಅತಿ ಜಟಿಲವಾಗಿದ್ದರಿಂದ ಅರಮನೆಯಿಂದ ಹೊರಗೆ ಹರಡಲಿಲ್ಲ. ಬರೆದ ನಿಯಮಗಳು ಉಳಿದವು, ಆಡುವವರು ಉಳಿಯಲಿಲ್ಲ. ಹಂಪಿಯ ಕಲ್ಲಿನ ಮನೆಗಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿನ ಆಟಗಳನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಆದರೆ ಅವರ ಕ್ರಮಗಳು ಬಹುಮಟ್ಟಿಗೆ ಬರವಣಿಗೆಗೆ ಬಂದಿಲ್ಲ. ಕಾಯಿಗಳ ಸಂಖ್ಯೆ ಎಷ್ಟು, ಮೊದಲ ನಡೆ ಯಾರದು, ಕಾಯಿ ಕಡಿಯುವುದು ಯಾವಾಗ, ಗೆಲುವು ಯಾವುದು ಎಂಬ ನಾಲ್ಕು ಅಂಶಗಳನ್ನು ಊರಿನ ಹೆಸರಿನೊಂದಿಗೆ ಬರೆದಿಟ್ಟುಕೊಂಡು, ಮಕ್ಕಳೊಂದಿಗೆ ಆಡಿದಲ್ಲಿ ಒಂದು ಆಟ ಉಳಿದಂತಾಗುತ್ತದೆ.

ಹಂಪಿಯ ಸಂರಕ್ಷಿತ ಸ್ಮಾರಕಗಳಲ್ಲಿರುವ ಆಟದ ಮನೆಗಳೂ ಸ್ಮಾರಕದ ಭಾಗವೇ ಆಗಿವೆ. ಅವುಗಳ ಗೆರೆಗಳನ್ನು ತಿದ್ದುವುದು, ಹೊಸದಾಗಿ ಕೊರೆಯುವುದು ಅಥವಾ ಬಣ್ಣ ತುಂಬುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಮೇರೆಗೆ ದಂಡನೀಯವಾಗಿರುತ್ತದೆ. ಪ್ರವಾಸಿಗರು ಮನೆಗಳ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು, ಮನೆಯಲ್ಲಿ ಹಾಸು ರಚಿಸಿ ಆಡಬೇಕಾಗಿ ಕೋರಲಾಗಿದೆ.