ಯಂತ್ರದಿಂದ ನಾಲಗೆ ತಿದ್ದಿದ ಡೇನಿಯಲ್ ಜೋನ್ಸ್

ತುಮಕೂರು ತಾಲ್ಲೂಕಿನ ಊರ್ಡಿಗೆರೆಯಂಥ ಊರಿನ ವಿದ್ಯಾರ್ಥಿಯೂ ಇಂದು ಮೊಬೈಲ್‌ನಲ್ಲಿ ಇಂಗ್ಲಿಷ್ ಪದವೊಂದರ ಉಚ್ಚಾರಣೆಯನ್ನು ಎಷ್ಟು ಬಾರಿ ಬೇಕಾದರೂ ಕೇಳಬಲ್ಲ. ಬರೆದಂತೆಯೇ ಓದುವ ಕನ್ನಡದಲ್ಲಿ ಬೆಳೆದವರಿಗೆ ಇಂಗ್ಲಿಷಿನ ಕಾಗುಣಿತ ಒಗಟೇ ಸರಿ. ಅದನ್ನು ಬಿಡಿಸಲು ನೂರು ವರ್ಷಗಳ ಹಿಂದೆಯೇ ಯಂತ್ರಗಳ ನೆರವು ಪಡೆದ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್.

1881ರ ಸೆಪ್ಟೆಂಬರ್ 12ರಂದು ಲಂಡನ್‌ನಲ್ಲಿ ಜನಿಸಿದ ಜೋನ್ಸ್ ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ. ಬಳಿಕ ತಂದೆಯ ಹಾದಿಯಲ್ಲಿ ಕಾನೂನು ಅಭ್ಯಸಿಸಿದರೂ ವಕೀಲಿ ಮಾಡಲಿಲ್ಲ. ಪ್ಯಾರಿಸ್‌ನಲ್ಲಿ ಪಾಲ್ ಪಾಸಿ ಅವರಿಂದ ಧ್ವನಿವಿಜ್ಞಾನ ಕಲಿತು, 1907ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೋಧನೆ ಆರಂಭಿಸಿದರು. 1921ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು.

ಸ್ವರ ಹೊರಡುವಾಗ ಬಾಯೊಳಗಿನ ನಾಲಗೆ ಎಲ್ಲಿರುತ್ತದೆ ಎಂಬುದು ಕಣ್ಣಿಗೆ ಕಾಣದು. ಅದನ್ನು ಅರಿಯಲು ಅವರು ನಾಲಗೆಯ ಮೇಲೆ ಸಣ್ಣ ಲೋಹದ ಸರಪಳಿ ಇಟ್ಟು ಎಕ್ಸ್‌-ರೇ ಚಿತ್ರ ತೆಗೆಸಿದರು. ನಾಲಗೆಯ ಸ್ಥಾನವನ್ನು ಆಧರಿಸಿ ಎಂಟು ಮೂಲ ಮಾನಸ್ವರಗಳನ್ನು ಗುರುತಿಸಿದರು. ಆದರೆ ಪುಸ್ತಕದ ವಿವರಣೆ ಓದಿ ಸ್ವರ ಕಲಿಯಲಾಗದು, ಕಿವಿಯಿಂದಲೇ ಕಲಿಯಬೇಕು ಎಂಬುದು ಅವರ ದೃಢ ನಿಲುವು. ಹೀಗಾಗಿ 1917ರಲ್ಲಿ ಆ ಸ್ವರಗಳನ್ನು ತಾವೇ ನುಡಿದು ಗ್ರಾಮಫೋನ್ ತಟ್ಟೆಗೆ ಮುದ್ರಿಸಿದರು. ಗುರು ಎದುರಿಗಿಲ್ಲದ ವಿದ್ಯಾರ್ಥಿಗೂ ಗುರುವಿನ ದನಿ ದೊರೆಯಿತು.

ಅದೇ ವರ್ಷ ಅವರ ಇಂಗ್ಲಿಷ್ ಉಚ್ಚಾರಣಾ ನಿಘಂಟು ಪ್ರಕಟವಾಯಿತು. ಪದದ ಅರ್ಥವಿಲ್ಲದೆ ಉಚ್ಚಾರಣೆಯನ್ನಷ್ಟೇ ಧ್ವನಿಲಿಪಿಯಲ್ಲಿ ನೀಡುವ ಈ ಕೃತಿ ಇಂಗ್ಲಿಷ್ ಕಲಿಸುವವರ ಕೈಪಿಡಿಯಾಯಿತು. ಒಳ ಅಂಗಿಯ ವೆಸ್ಟ್, ಪಶ್ಚಿಮ ದಿಕ್ಕಿನ ವೆಸ್ಟ್ ಎರಡಕ್ಕೂ ಕನ್ನಡ ಲಿಪಿಯಲ್ಲಿ ಒಂದೇ ರೂಪ. ಮೊದಲನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದರಲ್ಲಿ ತುಟಿಗಳು ದುಂಡಗಾಗಬೇಕು. ಇಂಥ ವ್ಯತ್ಯಾಸಗಳನ್ನು ಧ್ವನಿಲಿಪಿ ತೋರಿಸುತ್ತದೆ. ಮುದ್ರಿತ ದನಿ ಕೇಳಿಸುತ್ತದೆ.

ನಿಘಂಟಿನಲ್ಲಿದ್ದದ್ದು ದಕ್ಷಿಣ ಇಂಗ್ಲೆಂಡಿನ ವಿದ್ಯಾವಂತ ವರ್ಗದ ಉಚ್ಚಾರಣೆ. ಅದನ್ನೇ ಮಾನದಂಡವಾಗಿಸಿ ಉಳಿದವರ ಮಾತನ್ನು ಹಳಿಯುವ ಪರಿಪಾಠ ಬೆಳೆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಸಂದರ್ಶನದ ಕೋಣೆಯಲ್ಲಿ ಕುಗ್ಗುವ ಯುವಕರಿಗೆ ಇದರ ನೋವು ಗೊತ್ತು. ಜೋನ್ಸ್ ಮಾತ್ರ ತಾವು ಕೇಳಿದ್ದನ್ನು ದಾಖಲಿಸುವವರೇ ಹೊರತು ಎಲ್ಲರೂ ಹೀಗೆಯೇ ನುಡಿಯಬೇಕೆಂದು ಆಜ್ಞಾಪಿಸುವವರಲ್ಲ ಎಂದು ಸ್ಪಷ್ಟಪಡಿಸಿದ್ದರು.

ಭಾರತದ ಭಾಷೆಗಳ ಬಗೆಗೂ ಅವರಿಗೆ ಆಸಕ್ತಿಯಿತ್ತು. ಭಾರತಕ್ಕೊಂದು ರಾಷ್ಟ್ರೀಯ ಲಿಪಿಯ ಪ್ರಶ್ನೆ ಕುರಿತು 1942ರಲ್ಲಿ ಕಿರುಹೊತ್ತಗೆಯನ್ನೇ ಬರೆದರು. 1949ರಲ್ಲಿ ನಿವೃತ್ತರಾದ ನಂತರವೂ ಧ್ವನಿಮುದ್ರಣ ಬಿಡಲಿಲ್ಲ. 1956ರಲ್ಲಿ ಮತ್ತೊಮ್ಮೆ ಮಾನಸ್ವರಗಳನ್ನು ಮುದ್ರಿಸಿದರು. 1967ರ ಡಿಸೆಂಬರ್ 4ರಂದು ನಿಧನರಾದರು.

ಅವರ ನಿಘಂಟಿನ 16ನೇ ಆವೃತ್ತಿ 2003ರಲ್ಲಿ ಸಿ.ಡಿ.ಯೊಂದಿಗೆ ಹೊರಬಂದು, ಮುದ್ರಿತ ಪದಕ್ಕೆ ದನಿಯೂ ಜೊತೆಯಾಯಿತು. ಗ್ರಾಮಫೋನ್ ತಟ್ಟೆ ಮೊಬೈಲ್ ಆಗಿ ಬದಲಾದರೂ ಜೋನ್ಸ್ ಕಲಿಸಿದ ಪಾಠ ಹಳತಾಗಿಲ್ಲ: ನಾಲಗೆ ತಿದ್ದುವ ಮೊದಲು ಕಿವಿ ಪಳಗಬೇಕು.