ಟಿ. ಆರ್. ಬೆಲ್

ಥಾಮಸ್ ರೀಡ್ ಡೇವಿಸ್ ಬೆಲ್ (2 ಮೇ 1863 – 24 ಜೂನ್ 1948) ಉತ್ತರ ಕನ್ನಡ ಜಿಲ್ಲೆಯ ಕಾಡುಗಳಲ್ಲಿ ಕೀಟಗಳನ್ನು ಅಭ್ಯಸಿಸಿದ ಅರಣ್ಯಾಧಿಕಾರಿ. ಚಿಟ್ಟೆ ಹಾಗೂ ಪತಂಗಗಳನ್ನು ಕುರಿತ ಇವರ ಬರಹಗಳು ಪ್ರಸಿದ್ಧವಾಗಿವೆ. ಇವರು ಸಂಗ್ರಹಿಸಿದ ಜೀರುಂಡೆಗಳ ವಿಷಯವು ತಜ್ಞರ ವಲಯದಾಚೆ ಅಷ್ಟಾಗಿ ತಿಳಿದಿಲ್ಲ.

ಜೀವನ

ಐರ್ಲೆಂಡಿನ ಕಾರ್ಕ್ ಪ್ರಾಂತದ ಬ್ಯಾಂಡನ್ ಎಂಬಲ್ಲಿ ಜನಿಸಿದ ಬೆಲ್, 1884ರಲ್ಲಿ ಭಾರತಕ್ಕೆ ಬಂದು ಅರಣ್ಯ ಇಲಾಖೆಯಲ್ಲಿ ಸೇವೆ ಆರಂಭಿಸಿದರು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಉಪ್ಪು ಮತ್ತು ಸುಂಕದ ಇಲಾಖೆಯ ಇ. ಎಚ್. ಏಟ್ಕೆನ್ ಹಾಗೂ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್ ಇವರಿಗೆ ಜೊತೆಯಾದರು. ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಮೂವರೂ ಸೇರಿ ಬರೆದ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ರೆಕ್ಕೆಯ ಬಣ್ಣವನ್ನು ವರ್ಣಿಸಿ ನಿಲ್ಲಿಸದೆ, ಮರಿಹುಳು ಯಾವ ಗಿಡದ ಎಲೆಯನ್ನು ತಿನ್ನುತ್ತದೆ, ಕೋಶವನ್ನು ಎಲ್ಲಿ ಕಟ್ಟುತ್ತದೆ ಎಂಬುದನ್ನು ಹುಳುಗಳನ್ನು ಸಾಕಿ ನೋಡಿ ಬರೆದುದೇ ಇದರ ಹೆಚ್ಚುಗಾರಿಕೆ.

ಜೀರುಂಡೆಗಳು

ಅರಣ್ಯ ಇಲಾಖೆಯವರೇ ಆಗಿದ್ದ ಎಚ್. ಇ. ಆಂಡ್ರ್ಯೂಸ್ ಅವರ ಒಡನಾಟದಿಂದ ಬೆಲ್ ಅವರಿಗೆ ಜೀರುಂಡೆಗಳಲ್ಲಿ ಆಸಕ್ತಿ ಹುಟ್ಟಿತು. ಇಬ್ಬರೂ ಸಂಗ್ರಹಿಸಿದ ಮಾದರಿಗಳು ಗುರುತಿಸುವಿಕೆಗಾಗಿ ಬ್ರಿಟಿಷ್ ಮ್ಯೂಸಿಯಂಗೆ ಹೋದವು. ಮುಂದೆ ಆಂಡ್ರ್ಯೂಸ್ ನೆಲದ ಜೀರುಂಡೆಗಳ ಕುಟುಂಬವಾದ ಕ್ಯಾರಾಬಿಡೀಯ ತಜ್ಞರಾಗಿ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಗ್ರಂಥಮಾಲೆಗೆ 1929 ಮತ್ತು 1935ರಲ್ಲಿ ಎರಡು ಸಂಪುಟಗಳನ್ನು ಬರೆದರು. ಇಂತಹ ಹಳೆಯ ಗ್ರಂಥಗಳಲ್ಲಿ ಬೆಲ್ ಅವರ ಹೆಸರಿನೊಡನೆ ಕಾಣುವ ಕೆನರಾ ಎಂಬ ಸ್ಥಳನಾಮವನ್ನು ಉತ್ತರ ಕನ್ನಡವೆಂದೇ ಓದಬೇಕು. ಹೆಜಮಾಡಿ, ಕಾಪು, ಉಡುಪಿಗಳನ್ನೊಳಗೊಂಡ ದಕ್ಷಿಣ ಕನ್ನಡ 1862ರ ವಿಭಜನೆಯ ಬಳಿಕ ಮದರಾಸು ಪ್ರಾಂತದಲ್ಲಿಯೇ ಉಳಿದಿತ್ತು. ಮಳೆಯೂ ಕಾಡೂ ಒಂದೇ ಬಗೆಯವಾದರೂ ಬೆಲ್ ಅವರ ಕಾರ್ಯಕ್ಷೇತ್ರ ಇದಲ್ಲ.

ಚಿಟ್ಟೆಯ ಮರಿಹುಳು ಎಲೆಯ ಮೇಲೆ ಕಣ್ಣಿಗೆ ಬೀಳುತ್ತದೆ; ಗಿಡದ ಸಮೇತ ತಂದು ಸಾಕಬಹುದು. ಜೀರುಂಡೆಯ ಮರಿ ಸಾಮಾನ್ಯವಾಗಿ ಮಣ್ಣಿನೊಳಗೋ ಕೊಳೆತ ಮರದೊಳಗೋ ಅಡಗಿ ಬೆಳೆಯುತ್ತದೆ. ಆದುದರಿಂದ ಹಳೆಯ ಸಂಗ್ರಹಕಾರರ ಶ್ರಮದಿಂದ ಜೀರುಂಡೆಗಳಿಗೆ ಹೆಸರು ಮತ್ತು ಊರು ದೊರೆತವಾದರೂ ಹಲವಾರು ಪ್ರಭೇದಗಳ ಬಾಳಿನ ಕ್ರಮ ಅಜ್ಞಾತವಾಗಿಯೇ ಉಳಿಯಿತು. ಪಶ್ಚಿಮ ಘಟ್ಟದ ವಿದ್ಯಾರ್ಥಿಗಳಿಗೆ ಇಲ್ಲಿ ಇಂದಿಗೂ ಕೆಲಸವಿದೆ.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಬೆಲ್ ಸ್ವದೇಶಕ್ಕೆ ಮರಳದೆ ಕಾರವಾರದಲ್ಲಿ ನೆಲೆಸಿದರು. ಎಫ್. ಬಿ. ಸ್ಕಾಟ್ ಅವರೊಡನೆ ರಚಿಸಿದ, ಸ್ಫಿಂಜಿಡೀ ಕುಟುಂಬದ ಪತಂಗಗಳ ಸಂಪುಟವು 1937ರಲ್ಲಿ ಹೊರಬಂದಾಗ ಇವರ ವಯಸ್ಸು ಎಪ್ಪತ್ತನ್ನು ದಾಟಿತ್ತು. ಭಾರತ ಸ್ವತಂತ್ರವಾದ ಮರುವರ್ಷ ಕಾರವಾರದಲ್ಲಿಯೇ ನಿಧನರಾದರು.