ಮಸ್ಕಿಯ ಶಾಸನದ ಅಶೋಕ

ರಾಯಚೂರು ಜಿಲ್ಲೆಯಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಎಂಬ ಊರಿದೆ. ಅಲ್ಲಿಯ ಬೆಟ್ಟದ ಬಂಡೆಯೊಂದು ಮೌರ್ಯ ಚಕ್ರವರ್ತಿಯೊಬ್ಬನ ಹೆಸರನ್ನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದೆ. ಆತನೇ ಅಶೋಕ.

ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನು ಕ್ರಿ.ಪೂ. 268ರ ಸುಮಾರಿಗೆ ಪಾಟಲೀಪುತ್ರದಲ್ಲಿ ಪಟ್ಟವೇರಿದನು. ಎಂಟು ವರ್ಷಗಳು ಕಳೆದ ಮೇಲೆ ಕಳಿಂಗವನ್ನು ಗೆದ್ದನು. ಆ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರೆಂದೂ ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಅವನ ಶಾಸನವೇ ತಿಳಿಸುತ್ತದೆ. ಗೆದ್ದ ಅರಸರು ತಮ್ಮ ಪರಾಕ್ರಮವನ್ನು ಹೊಗಳಿಸಿ ಬರೆಸುವುದು ವಾಡಿಕೆ. ಅಶೋಕನಾದರೋ ತನ್ನ ಪಶ್ಚಾತ್ತಾಪವನ್ನು ಕಲ್ಲಿನಲ್ಲಿ ಕೊರೆಯಿಸಿದನು. ಧರ್ಮದಿಂದ ಪಡೆದ ಗೆಲುವೇ ನಿಜವಾದ ಗೆಲುವೆಂದು ಸಾರಿದನು. ದಾರಿಗಳಲ್ಲಿ ಮರಗಳನ್ನು ನೆಡಿಸಿದನು; ಬಾವಿಗಳನ್ನು ತೋಡಿಸಿದನು; ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ದೊರೆಯುವಂತೆ ಮಾಡಿದನು.

ಕ್ರಿ.ಪೂ. 232ರ ಸುಮಾರಿಗೆ ಅವನು ಕಾಲವಾದನು. ಮುಂದೆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದಾಗ, ಶಾಸನಗಳಲ್ಲಿ ಕಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯ ಶಾಸನವನ್ನು ಕಂಡರು. ಅದರಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ದೊರೆತು, ಸಂದೇಹ ಪರಿಹಾರವಾಯಿತು. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಉನ್ನತಿಯನ್ನು ಪಡೆಯಬಲ್ಲನೆಂಬುದೇ ಆ ಶಾಸನದ ಸಂದೇಶ.

ಗತಿಸಿದ ನಾಯಕರನ್ನು ಕಲೆಯ ಮೂಲಕ ಸ್ಮರಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ತೀರಿಕೊಂಡ ಮೇಲೆ ಬ್ಯಾರಲೆಟ್ ಎಂಬ ಕಲಾವಿದನು, ಕಾಲಪುರುಷ ಮೊದಲಾದ ಸಾಂಕೇತಿಕ ಮೂರ್ತಿಗಳು ಅವರನ್ನು ಸಮಾಧಿಯಿಂದ ಮೇಲಕ್ಕೆತ್ತುವ ಚಿತ್ರವನ್ನು ಅಚ್ಚು ಹಾಕಿಸಿದನು. ನಮ್ಮ ನಾಡಿನಲ್ಲಿ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ, ಅಶೋಕನು ಗತಿಸಿದ ಎಷ್ಟೋ ಕಾಲದ ಅನಂತರ ಶಿಲ್ಪಿಗಳು ಅವನ ರೂಪವನ್ನು ಕಡೆದು, ಹೆಸರನ್ನೂ ಬರೆದರು.

ಸ್ವತಂತ್ರ ಭಾರತವು ಅವನನ್ನು ಸ್ಮರಿಸಿದ ಬಗೆ ಬೇರೆ. ಅದು ಅರಸನ ಮುಖವನ್ನಲ್ಲ, ಅವನು ಸಾರನಾಥದಲ್ಲಿ ನಿಲ್ಲಿಸಿದ ಸ್ತಂಭದ ಸಿಂಹಗಳನ್ನು ಆರಿಸಿಕೊಂಡಿತು. 1947ರ ಡಿಸೆಂಬರಿನಲ್ಲಿ ಆ ಸಿಂಹಗಳು ಅಂಚೆಚೀಟಿಯಲ್ಲಿ ಅಚ್ಚಾದವು. 1949ರಲ್ಲಿ ಒಂದು ರೂಪಾಯಿಯ ನೋಟಿನಲ್ಲಿ ಇಂಗ್ಲೆಂಡಿನ ದೊರೆಯ ಚಿತ್ರವಿದ್ದ ಸ್ಥಾನಕ್ಕೆ ಬಂದವು. 1950ರ ಜನವರಿ 26ರಂದು ರಾಷ್ಟ್ರಲಾಂಛನವಾದವು. ಸಿಂಹಗಳ ಕೆಳಗೆ ಧರ್ಮಚಕ್ರವಿದೆ. ಕಳಿಂಗವನ್ನು ಗೆದ್ದ ಖಡ್ಗಕ್ಕೆ ಅಲ್ಲಿ ಎಡೆಯಿಲ್ಲ. ತನ್ನ ಗೆಲುವಿಗಾಗಿ ದುಃಖಿಸಿದ ಅರಸನಿಗೆ ಇದಕ್ಕಿಂತ ತಕ್ಕ ಸ್ಮಾರಕವಿರಲಾರದು.